ಪಿಸಿನಾ, ಕನ್ಸೋಲಾ? ಡ್ಯಾನಿ ಬಂಟನ್ ಹುಡುಕಿದ ಉತ್ತರವೇ ಬೇರೆ

ಗೇಮ್ ಆಡುವ ನಾಲ್ಕು ಜನ ಒಂದೆಡೆ ಸೇರಿದರೆ ಈ ಜಗಳ ಶುರುವಾಗೋದು ಗ್ಯಾರಂಟಿ. ಕಂಪ್ಯೂಟರ್ ಮೇಲಾ, ಕನ್ಸೋಲ್ ಮೇಲಾ? ಪಿಸಿಯವರು ಗ್ರಾಫಿಕ್ಸ್ ಕಾರ್ಡು, ಫ್ರೇಮ್ ರೇಟು, ಮಾಡ್‌ಗಳು, ಸ್ಟೀಮ್ ಸೇಲು ಅಂತ ಪಟ್ಟಿ ಬಿಚ್ಚುತ್ತಾರೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಕಡೆಯವರು, ಡಬ್ಬ ತಂದು ಟಿವಿಗೆ ಸಿಕ್ಕಿಸಿದರೆ ಮುಗೀತು, ಡ್ರೈವರ್ ತಲೆನೋವಿಲ್ಲ, ಎರಡು ವರ್ಷಕ್ಕೊಮ್ಮೆ ಹೊಸ ಕಾರ್ಡಿಗೆ ದುಡ್ಡು ಸುರಿಯಬೇಕಿಲ್ಲ ಅಂತಾರೆ. ಎರಡೂ ವಾದದಲ್ಲಿ ಹುರುಳಿದೆ. ನಾನಂತೂ ಮೊದಲಿಂದಲೂ ಪಿಸಿ ಪಕ್ಷ.

ಆದರೆ ಎರಡೂ ಪಕ್ಷದವರು ಅಷ್ಟಾಗಿ ಕೇಳದ ಎರಡು ಪ್ರಶ್ನೆಗಳಿವೆ. ಈ ಯಂತ್ರದ ಮುಂದೆ ಒಟ್ಟಿಗೆ ಎಷ್ಟು ಜನ ಕೂರಬಹುದು? ಇದರೊಳಗೆ ಯಾವ ಆಟ ಬರಬೇಕು, ಯಾವುದು ಬರಬಾರದು ಅಂತ ತೀರ್ಮಾನ ಮಾಡೋರು ಯಾರು? ಸ್ಪೀಡು, ಬೆಲೆಯ ಲೆಕ್ಕಕ್ಕಿಂತ ಈ ಎರಡು ಪ್ರಶ್ನೆ ಹೆಚ್ಚು ರಾಜಕೀಯದವು ಅಂತ ನನಗನ್ನಿಸುತ್ತೆ. ಇಡೀ ವೃತ್ತಿಜೀವನವನ್ನು ಈ ಎರಡು ಪ್ರಶ್ನೆಗಳ ನಡುವೆಯೇ ಕಳೆದ ಒಬ್ಬರಿದ್ದರು. ಅಮೆರಿಕದ ಗೇಮ್ ಡಿಸೈನರ್ ಡ್ಯಾನಿಯೆಲ್ ಬಂಟನ್ ಬೆರಿ. ತೀರಿಕೊಂಡಿದ್ದು 1998ರಲ್ಲಿ. ಗೇಮ್ ತಯಾರಿಸುವವರ ಲೋಕದಲ್ಲಿ ಅವರ ಹೆಸರು ದೊಡ್ಡದು. ಆದರೆ ಅವರು ಕಟ್ಟಿದ ಅಡಿಪಾಯದ ಮೇಲೆ ದಿನಾ ಆಡುವ ನಮ್ಮಲ್ಲಿ ಹಲವರಿಗೆ ಆ ಹೆಸರು ಹೊಸದು.

ಮೊದಲೇ ಒಂದು ಮಾತು. ಅವರು ಟ್ರಾನ್ಸ್ ಮಹಿಳೆ. 1992ಕ್ಕಿಂತ ಮುಂಚಿನ ಆಟಗಳ ಡಬ್ಬದ ಮೇಲೆ ಡ್ಯಾನ್ ಬಂಟನ್ ಅಂತ ಹೆಸರಿರುತ್ತೆ. ಆಮೇಲೆ ಜನ ಅವರನ್ನು ಡ್ಯಾನಿ ಅಂತಲೇ ಕರೆದರು. ನಾನೂ ಇಲ್ಲಿ ಮೊದಲಿಂದ ಕೊನೆತನಕ ಹಾಗೇ ಕರೆಯುತ್ತೇನೆ.

ಆರು ಮಕ್ಕಳ ಮನೆ

ಡ್ಯಾನಿ ಹುಟ್ಟಿದ್ದು 1949ರ ಫೆಬ್ರವರಿ 19ರಂದು, ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ. ಹೈಸ್ಕೂಲ್ ದಿನಗಳಲ್ಲಿ ಆರ್ಕನ್ಸಾ ರಾಜ್ಯದ ಲಿಟ್ಲ್ ರಾಕ್‌ಗೆ ಬಂದರು. ಆರು ಮಕ್ಕಳಲ್ಲಿ ಹಿರಿಯರು. ಮನೆಯಲ್ಲಿ ಹಣಕ್ಕೆ ಸದಾ ತಾಪತ್ರಯ. ಹುಡುಗರಿದ್ದಾಗಲೇ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದ್ದುಂಟು. ಜಗಳ, ಬೇಸರ ಎಲ್ಲ ಮರೆತು ಆ ಕುಟುಂಬ ಒಟ್ಟಿಗೆ ನಗುತ್ತಾ ಕೂರುತ್ತಿದ್ದ ಹೊತ್ತು ಅಂದರೆ ಬೋರ್ಡ್ ಹಾಸಿ ಆಟ ಆಡುವ ಹೊತ್ತು. ನಮ್ಮ ಕಡೆ ಚೌಕಾಬಾರದ ಮನೆ ಬರೆದು, ಸುತ್ತ ನಾಲ್ಕು ಜನ ಕೂತು, ಕವಡೆ ಬಿಟ್ಟ ಕೂಡಲೇ ಅಜ್ಜಿ ಮೊಮ್ಮಗ ಅನ್ನೋ ಭೇದ ಇಲ್ಲದೆ ಕಿರುಚಾಡೋದಿಲ್ಲವಾ, ಹಾಗೆ. ಆಟ ಅಂದರೆ ಜನ ಎದುರುಬದುರು ಕೂರೋದು. ಈ ನಂಬಿಕೆ ಡ್ಯಾನಿಯನ್ನು ಕೊನೆತನಕ ಬಿಡಲಿಲ್ಲ.

ಆರ್ಕನ್ಸಾ ವಿಶ್ವವಿದ್ಯಾಲಯದಲ್ಲಿ ಓದಿದರು, 1974ರಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಪದವಿ ಬಂತು. ಓದುವ ದಿನಗಳಲ್ಲೇ ಸೈಕಲ್ ಅಂಗಡಿ ಇಟ್ಟಿದ್ದರು. ನಗರಗಳು ಹೇಗೆ ಬೆಳೆಯುತ್ತವೆ ಅನ್ನೋದನ್ನ ಕಂಪ್ಯೂಟರ್ ಮಾದರಿಗಳಲ್ಲಿ ಲೆಕ್ಕ ಹಾಕುವ ಕೆಲಸ ಮಾಡಿದರು. ಲಿಟ್ಲ್ ರಾಕ್ ನಗರಾಡಳಿತದಲ್ಲೂ ದುಡಿದರು. ಆಟ ಮಾಡೋದು ಮೊದಮೊದಲು ಬಿಡುವಿನ ಹವ್ಯಾಸವಾಗಿತ್ತು.

1978ರಲ್ಲಿ ಮೊದಲ ಆಟ ಹೊರಬಂತು, ಹೆಸರು ವ್ಹೀಲರ್ ಡೀಲರ್ಸ್. ಆಪಲ್ 2 ಕಂಪ್ಯೂಟರ್‌ಗೆ ಬರೆದ ಹರಾಜಿನ ಆಟ ಅದು. ಪ್ರಕಟಿಸಿದ್ದು ಕೆನಡಾದ ಒಂದು ಸಣ್ಣ ಕಂಪನಿ. ಒಂದು ಕಂಪ್ಯೂಟರ್ ಮುಂದೆ ನಾಲ್ಕು ಜನ ಕೂತು, ಒಂದೇ ಕ್ಷಣಕ್ಕೆ ಬಟನ್ ಒತ್ತಿ ಹರಾಜು ಕೂಗಬೇಕು. ಆಪಲ್ 2ನಲ್ಲಿ ಅದಕ್ಕೆ ವ್ಯವಸ್ಥೆ ಎಲ್ಲಿತ್ತು? ಹಾಗಾಗಿ ನಾಲ್ಕು ಜನರ ಗುಂಡಿಗಳನ್ನು ಬೇರೆಯಾಗಿ ಮಾಡಿಸಿ ಆಟದ ಡಬ್ಬದಲ್ಲೇ ಇಟ್ಟು ಮಾರಿದರು. ಆ ಕಾಲಕ್ಕೆ ಆಟಗಳು ಪ್ಲಾಸ್ಟಿಕ್ ಚೀಲದಲ್ಲಿ 15 ಡಾಲರ್ ಆಸುಪಾಸಿಗೆ ಸಿಗುತ್ತಿದ್ದವು. ಇದರ ಬೆಲೆ 35 ಡಾಲರ್. ಮಾರಾಟವಾಗಿದ್ದು ಸುಮಾರು 50 ಪ್ರತಿ.

ಸೋಲು ಅನ್ನಬಹುದು. ಆದರೆ ಗಮನಿಸಿ, ಕಂಪ್ಯೂಟರ್ ಅನ್ನೋದು ಒಬ್ಬರ ಮುಖಕ್ಕೆ ಒಂದು ಪರದೆ ಅಂತ ತಯಾರಾದ ಯಂತ್ರ. ಮೊದಲ ಆಟದಲ್ಲೇ ಡ್ಯಾನಿ ಆ ಲೆಕ್ಕಕ್ಕೆ ತಕರಾರು ತೆಗೆದಿದ್ದರು.

ನಾಲ್ಕು ಪೋರ್ಟ್ ಇದ್ದ ಕಂಪ್ಯೂಟರ್

ಮುಂದಿನ ಕೆಲವು ವರ್ಷ ಸ್ಟ್ರಾಟೆಜಿಕ್ ಸಿಮ್ಯುಲೇಷನ್ಸ್ ಕಂಪನಿಗೆ ಆಟ ಮಾಡಿಕೊಟ್ಟರು. ಅದರಲ್ಲಿ ಕಾರ್ಟೆಲ್ಸ್ ಅಂಡ್ ಕಟ್‌ಥ್ರೋಟ್ಸ್ ಅನ್ನುವ ವ್ಯಾಪಾರದ ಆಟ ಟ್ರಿಪ್ ಹಾಕಿನ್ಸ್ ಕಣ್ಣಿಗೆ ಬಿತ್ತು. ಹಾಕಿನ್ಸ್ 1982ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಶುರು ಮಾಡಿದ ಮನುಷ್ಯ. ಆ ಆಟದ ಹಕ್ಕು ಕೊಳ್ಳಲು ನೋಡಿದರು, ಸಿಗಲಿಲ್ಲ. ಅದಕ್ಕಿಂತ ಒಳ್ಳೆಯದನ್ನೇ ಮಾಡಿಕೊಡುವ ಹೊಣೆ ಡ್ಯಾನಿ ಹೊತ್ತರು. ತಮ್ಮ ಬಿಲ್ ಬಂಟನ್, ಗೆಳೆಯರಾದ ಜಿಮ್ ರಶಿಂಗ್, ಅಲನ್ ವಾಟ್ಸನ್ ಸೇರಿ ಓಝಾರ್ಕ್ ಸಾಫ್ಟ್‌ಸ್ಕೇಪ್ ಅನ್ನೋ ತಂಡ ಕಟ್ಟಿದರು. ಸಿಲಿಕಾನ್ ವ್ಯಾಲಿಯಿಂದ ಬಹುದೂರ, ಲಿಟ್ಲ್ ರಾಕ್‌ನಲ್ಲೇ ಕೂತು ಕೆಲಸ. 1983ರಲ್ಲಿ ಮ್ಯೂಲ್ ಬಂತು, ಅಂದರೆ ಹೇಸರಗತ್ತೆ. ಎಲೆಕ್ಟ್ರಾನಿಕ್ ಆರ್ಟ್ಸ್ ಹೊರತಂದ ಮೊದಲ ಆಟಗಳಲ್ಲಿ ಇದೂ ಒಂದು.

ಇದನ್ನು ಅಟಾರಿ 800ಕ್ಕೇ ಯಾಕೆ ಬರೆದರು? 1979ರಲ್ಲಿ ಬಂದಿದ್ದ ಆ ಕಂಪ್ಯೂಟರ್ ಮುಂಭಾಗದಲ್ಲಿ ನಾಲ್ಕು ಜಾಯ್‌ಸ್ಟಿಕ್ ಪೋರ್ಟ್ ಇದ್ದವು. ಹೆಸರಿಗೆ ಕಂಪ್ಯೂಟರ್, ಕೀಬೋರ್ಡೂ ಇದೆ, ಪ್ರೋಗ್ರಾಮೂ ಬರೆಯಬಹುದು. ಆದರೆ ಟಿವಿಗೆ ಜೋಡಿಸಿ ನಾಲ್ಕು ಜನ ಸೋಫಾ ಮೇಲೆ ಕೂತರೆ ಕನ್ಸೋಲ್. ನಾವು ಇವತ್ತು ಎರಡು ಪಕ್ಷ ಕಟ್ಟಿಕೊಂಡು ಹೊಡೆದಾಡ್ತೀವಲ್ಲ, ಆ ಎರಡೂ ಗುಣ ಒಂದೇ ಡಬ್ಬದಲ್ಲಿದ್ದವು.

ಆಟ ಸರಳ. ಇರಾಟಾ ಎಂಬ ಗ್ರಹ (ಅಟಾರಿ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹಿಂದುಮುಂದಾಗಿ ಓದಿದರೆ ಇದೇ ಬರುತ್ತೆ). ನಾಲ್ವರು ವಲಸಿಗರು, 12 ತಿಂಗಳು. ಪ್ರತಿಯೊಬ್ಬರೂ ಜಮೀನು ಹಿಡಿದು, ಯಂತ್ರದ ಹೇಸರಗತ್ತೆ ಕಟ್ಟಿ, ಆಹಾರ, ಇಂಧನ, ಅದಿರು ಉತ್ಪಾದಿಸಬೇಕು. ತಿಂಗಳ ಕೊನೆಗೆ ಹರಾಜು. ಕೊಳ್ಳುವವರು ಪರದೆಯ ಕೆಳಗೆ, ಮಾರುವವರು ಮೇಲೆ. ಮಾರುವವರು ಇಳಿದಷ್ಟೂ ರೇಟು ಇಳಿಯುತ್ತೆ, ಕೊಳ್ಳುವವರು ಏರಿದಷ್ಟೂ ಏರುತ್ತೆ, ಇಬ್ಬರೂ ಸಂಧಿಸಿದ ಕಡೆ ವ್ಯಾಪಾರ ಕುದುರುತ್ತೆ. ಗಡಿಯಾರ ಓಡ್ತಾ ಇರುತ್ತೆ. ಪಕ್ಕದಲ್ಲಿ ಕೂತವನ ಮುಖ ನೋಡ್ತಾ, ಬೈತಾ, ಬೇಡಿಕೊಳ್ತಾ ಚೌಕಾಸಿ ಮಾಡಬೇಕು. ಪರದೆ ಮೇಲೆ ನಡೆಯೋದು ಅರ್ಧ ಆಟ, ಇನ್ನರ್ಧ ಸೋಫಾ ಮೇಲೆ.

ನನಗೆ ತುಂಬ ಹಿಡಿಸಿದ್ದು ಒಳಗಿನ ನಿಯಮಗಳು. ಆಕಸ್ಮಿಕ ಘಟನೆಗಳು ಬರ್ತಾವೆ. ಒಳ್ಳೆಯದು ಯಾವುದೂ ಮುಂದಿರುವ ಆಟಗಾರನಿಗೆ ಬರಲ್ಲ, ಕೆಟ್ಟದ್ದು ಯಾವುದೂ ಕೊನೆಯವನಿಗೆ ಬರಲ್ಲ. ಇಬ್ಬರು ಒಂದೇ ಹೊತ್ತಿಗೆ ಒಂದೇ ಜಮೀನಿಗೆ ಗುಂಡಿ ಒತ್ತಿದರೆ ಹಿಂದಿರುವವನಿಗೆ ಸಿಗುತ್ತೆ. ಇದು ಮೆರಿಟ್‌ಗೆ ಮಾಡಿದ ಅನ್ಯಾಯ ಅಂತ ಇವತ್ತು ಯಾರಾದರೂ ಟ್ವೀಟ್ ಮಾಡಬಹುದು. ಡ್ಯಾನಿಗೆ ಗೊತ್ತಿದ್ದಿದ್ದು ಇಷ್ಟೇ, ಒಮ್ಮೆ ಮುಂದೆ ಹೋದವನು ಮುಂದೆಯೇ ಇರುವ ಹಾಗಿದ್ದರೆ ಉಳಿದ ಮೂವರು ಎದ್ದು ಹೋಗ್ತಾರೆ, ಆಟವೇ ನಿಲ್ಲುತ್ತೆ. ಇನ್ನೊಂದು ನಿಯಮ: ಕೊನೆಯಲ್ಲಿ ಗೆದ್ದವರು ಯಾರು ಅಂತ ಹೇಳೋದರ ಜೊತೆಗೆ ಇಡೀ ವಸಾಹತು ಹೇಗೆ ಬದುಕಿತು ಅನ್ನೋದಕ್ಕೂ ಆಟ ತೀರ್ಪು ಕೊಡುತ್ತೆ. ಒಬ್ಬ ಅದಿರನ್ನೆಲ್ಲ ಗುಡ್ಡೆ ಹಾಕಿಕೊಂಡರೆ ಹೊಸ ಹೇಸರಗತ್ತೆಗಳೇ ತಯಾರಾಗಲ್ಲ, ಊರಿಗೆ ಊರೇ ಸೊರಗುತ್ತೆ. ಅಂದರೆ ಎಲ್ಲರೂ ಸೋತ ಊರಲ್ಲಿ ಒಬ್ಬ ಶ್ರೀಮಂತನಾಗೋದು ಸಾಧ್ಯ. ಅದನ್ನು ಗೆಲುವು ಅನ್ನಬೇಕಾ ಅನ್ನೋದನ್ನ ಆಟ ನಿಮಗೇ ಬಿಡುತ್ತೆ.

ವಿಮರ್ಶಕರು ಹೊಗಳಿದರು. ಮಾರಿದ್ದು ಸುಮಾರು 30,000 ಪ್ರತಿ. ಕಳ್ಳ ಪ್ರತಿ ಮಾಡಿಕೊಂಡು ಆಡಿದವರು ಬೇರೆ. ಇನ್ನೊಂದು ವಿಪರ್ಯಾಸ ನೋಡಿ. ಅದೇ ಹೊತ್ತಿಗೆ ಬಂದ ಅಟಾರಿಯ ಹೊಸ 800 ಎಕ್ಸ್‌ಎಲ್ ಮಾದರಿಯಲ್ಲಿ ನಾಲ್ಕು ಪೋರ್ಟ್ ಎರಡಾಯಿತು. ಹೆಚ್ಚು ಮಾರಾಟವಾಗುತ್ತಿದ್ದ ಕಮೊಡೋರ್ 64ನಲ್ಲೂ ಎರಡೇ. ನಾಲ್ಕು ಜನರಿಗೆಂದು ಮಾಡಿದ ಆಟ ಹೊರಬರುವಷ್ಟರಲ್ಲಿ ಅದಕ್ಕೆ ಬೇಕಾದ ಯಂತ್ರ ಮಾರುಕಟ್ಟೆಯಿಂದ ಜಾರುತ್ತಿತ್ತು.

ಒಂಟಿ ಆಟಕ್ಕೆ ಸಿಕ್ಕ ಕಾಸು

1984ರಲ್ಲಿ ಬಂದ ಸೆವೆನ್ ಸಿಟೀಸ್ ಆಫ್ ಗೋಲ್ಡ್ ಒಬ್ಬರೇ ಆಡುವ ಆಟ. ಓಝಾರ್ಕ್ ಬೆಟ್ಟಗಳಲ್ಲಿ ಒಮ್ಮೆ ದಾರಿ ತಪ್ಪಿ ಅಲೆದ ಅನುಭವದಿಂದ ಇದರ ಯೋಚನೆ ಹುಟ್ಟಿತ್ತು. ಸ್ಪೇನ್‌ನಿಂದ ಹಡಗು ಹತ್ತಿ ಹೊಸ ಖಂಡಕ್ಕೆ ಬರುವ ಅನ್ವೇಷಕ ನೀವು. ಮೂಲನಿವಾಸಿಗಳ ಊರಿಗೆ ಕಾಲಿಟ್ಟಾಗ ವ್ಯಾಪಾರವೂ ಮಾಡಬಹುದು, ಕೊಂದು ದೋಚಲೂಬಹುದು. ಆಟ ಉಪದೇಶ ಮಾಡಲ್ಲ, ಆದರೆ ನೀವು ಮಾಡಿದ್ದು ನಿಮ್ಮ ಬೆನ್ನು ಬಿಡಲ್ಲ. ಇದು ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಡ್ಯಾನಿ ಬದುಕಿನಲ್ಲಿ ಅತಿ ಹೆಚ್ಚು ಮಾರಿದ ಆಟ ಇದೇ.

ಮಾರುಕಟ್ಟೆ ಹೇಳಿದ್ದು ಸ್ಪಷ್ಟ: ಕಂಪ್ಯೂಟರ್ ಒಂಟಿಯಾಗಿ ಕೂರೋರ ಯಂತ್ರ, ಅವರಿಗೆ ಬೇಕಾದ್ದು ಮಾಡು, ಕಾಸು ತಗೋ. ಮರುವರ್ಷ ಹಾರ್ಟ್ ಆಫ್ ಆಫ್ರಿಕಾ ಮಾಡಿದರು, ಅದೂ ಒಂಟಿ ಆಟವೇ. 1986ರಲ್ಲಿ ಮತ್ತೆ ಹಳೇ ಹಾದಿ. ರೋಬೋಟ್ ರಾಸ್ಕಲ್ಸ್ ಎಂಬ ಆಟದಲ್ಲಿ ಒಬ್ಬರೇ ಆಡುವ ವ್ಯವಸ್ಥೆಯೇ ಇರಲಿಲ್ಲ. ಜೊತೆಗೆ ಜನ ಇಲ್ಲವಾ, ಆಟವೂ ಇಲ್ಲ. ಮಾರಿದ್ದು ಸುಮಾರು 9,000. ಒಂದೂವರೆ ಲಕ್ಷ ಕಂಡವರು ಒಂಬತ್ತು ಸಾವಿರಕ್ಕೆ ಇಳಿದಿದ್ದು ತಿಳಿಯದೇ ಆದ ಪ್ರಮಾದ ಅಂತ ನನಗನ್ನಿಸಲ್ಲ. ತನಗೆ ಬೇಕಾದ್ದು ಯಾವುದು ಅನ್ನೋದು ಅವರಿಗೆ ಗೊತ್ತಿತ್ತು.

ಫೋನ್ ತಂತಿಯ ಮೇಲೆ

ಜನರನ್ನು ಒಂದು ಸೋಫಾ ಮೇಲೆ ಕೂರಿಸಲಾಗದಿದ್ದರೆ ಎರಡು ಮನೆಗಳನ್ನೇ ಜೋಡಿಸಿದರೆ ಹೇಗೆ? 1988ರ ಮೋಡೆಮ್ ವಾರ್ಸ್ ಆ ಪ್ರಯತ್ನ. ಎರಡು ಕಂಪ್ಯೂಟರ್, ನಡುವೆ ಟೆಲಿಫೋನ್ ಲೈನು, ಎರಡೂ ಕಡೆ ರೋಬೋಟ್ ಸೈನ್ಯ. ಸರದಿ ಕಾಯುವಂತಿಲ್ಲ, ಎಲ್ಲವೂ ಏಕಕಾಲಕ್ಕೆ. ರಿಯಲ್ ಟೈಮ್ ಸ್ಟ್ರಾಟೆಜಿ ಅಂತ ಇವತ್ತು ನಾವು ಕರೆಯುವ ಪ್ರಕಾರದ ಪೂರ್ವಜರಲ್ಲಿ ಇದೂ ಒಂದು. ಆಡಿದ ಪಂದ್ಯವನ್ನು ರೆಕಾರ್ಡ್ ಮಾಡಿ ಮತ್ತೆ ನೋಡುವ ಸೌಲಭ್ಯವೂ ಇತ್ತು. ಇವತ್ತು ಇ-ಸ್ಪೋರ್ಟ್ಸ್ ರೀಪ್ಲೇ ನೋಡುವವರು ಇದನ್ನು ನೆನಪಿಡಬೇಕು.

ಆದರೆ 1988ರಲ್ಲಿ ಎಷ್ಟು ಮನೆಗಳಲ್ಲಿ ಮೋಡೆಮ್ ಇತ್ತು? ಇದ್ದವನಿಗೆ, ಅದೇ ಆಟ ಕೊಂಡು ಮೋಡೆಮ್ ಇಟ್ಟುಕೊಂಡ ಗೆಳೆಯನೊಬ್ಬ ಇರಬೇಕಲ್ಲ? ಆಟ ಹೆಚ್ಚು ಮಾರಲಿಲ್ಲ. ಡ್ಯಾನಿ ಮೈಕ್ರೋಪ್ರೋಸ್ ಕಂಪನಿ ಕಡೆ ಹೋದರು. 1990ರಲ್ಲಿ ಕಮಾಂಡ್ ಎಚ್‌ಕ್ಯೂ, 1992ರಲ್ಲಿ ಗ್ಲೋಬಲ್ ಕಾಂಕ್ವೆಸ್ಟ್. ದೊಡ್ಡ ಪ್ರಕಾಶಕರೊಬ್ಬರು ಹೊರತಂದ, ನಾಲ್ಕು ಜನ ನಾಲ್ಕು ಕಂಪ್ಯೂಟರ್‌ಗಳಲ್ಲಿ ಕೂತು ನೆಟ್‌ವರ್ಕ್ ಮೂಲಕ ಆಡಬಹುದಾದ ಮೊದಲ ಆಟ ಅಂತ ಗ್ಲೋಬಲ್ ಕಾಂಕ್ವೆಸ್ಟ್‌ಗೆ ಹೆಸರು.

ಇಲ್ಲಿ ಪಿಸಿಯ ದೊಡ್ಡ ಗುಣ ಕಾಣುತ್ತೆ. ಅದು ತೆರೆದ ಯಂತ್ರ. ಹಿಂದೆ ಹೊಸ ತಂತಿ ಚುಚ್ಚಬಹುದು, ಹೊಸ ಪ್ರಯೋಗ ಮಾಡಬಹುದು, ಯಾರ ಅಪ್ಪಣೆಯೂ ಬೇಡ. ಇಂಟರ್‌ನೆಟ್ ಮನೆಮನೆಗೆ ಬರುವ ಮುಂಚೆಯೇ ಅದರ ಆಟ ಹೇಗಿರಬಹುದು ಅಂತ ಡ್ಯಾನಿ ಪರೀಕ್ಷೆ ಮಾಡಿದ್ದು ಇದೇ ತೆರೆದ ಬಾಗಿಲಿನಿಂದ.

ಬಂದೂಕು ಬೇಡ ಅಂದಾಗ

1992ರ ನವೆಂಬರ್‌ನಲ್ಲಿ ಡ್ಯಾನಿ ಲಿಂಗ ಬದಲಾವಣೆ ಮಾಡಿಕೊಂಡರು. ವಯಸ್ಸು 43. ಮೂರನೇ ಮದುವೆಯೂ ಮುರಿದಿತ್ತು. ಗಂಡಸರೇ ತುಂಬಿದ್ದ ಉದ್ಯಮದಲ್ಲಿ, ಎಲ್ಲರಿಗೂ ಗೊತ್ತಿದ್ದ ಒಂದು ಹೆಸರನ್ನು ಬಿಟ್ಟು ಹೊಸ ಹೆಸರಲ್ಲಿ ನಿಲ್ಲಬೇಕಿತ್ತು.

ಆ ಹೊತ್ತಿಗೆ, 1993ರಲ್ಲಿ, ಮ್ಯೂಲ್ ಆಟವನ್ನು ಸೆಗಾ ಜೆನೆಸಿಸ್ ಕನ್ಸೋಲ್‌ಗೆ ತರುವ ಕೆಲಸ ಸಿಕ್ಕಿತು. ಪ್ರಕಾಶಕರು ಮತ್ತೆ ಎಲೆಕ್ಟ್ರಾನಿಕ್ ಆರ್ಟ್ಸ್. ಯೋಚನೆ ಮಾಡಿ, ಮ್ಯೂಲ್ ಹುಟ್ಟಿದ್ದೇ ಟಿವಿ ಮುಂದಿನ ಸೋಫಾಗೆ. ಕನ್ಸೋಲ್ ಅಂದರೆ ಅದರ ನಿಜವಾದ ಮನೆ. ಲಕ್ಷಗಟ್ಟಲೆ ಮನೆಗಳಲ್ಲಿ ಜೆನೆಸಿಸ್ ಇತ್ತು. ಹತ್ತು ವರ್ಷ ತಡವಾದರೂ ಆ ಆಟ ತಲುಪಬೇಕಾದವರನ್ನು ತಲುಪುವ ಅವಕಾಶ. ಕೆಲಸ ಆಲ್ಫಾ ಹಂತದವರೆಗೂ ಬಂತು.

ಆಗ ಪ್ರಕಾಶಕರ ಬೇಡಿಕೆ ಬಂತು: ಬಂದೂಕು, ಬಾಂಬು ಸೇರಿಸಿ. ಡ್ಯಾನಿ ಒಪ್ಪಲಿಲ್ಲ. ಪ್ರಾಜೆಕ್ಟ್ ರದ್ದಾಯಿತು.

ಯಾಕೆ ಇಂಥ ಬೇಡಿಕೆ ಅನ್ನೋದನ್ನ ಊಹಿಸೋದು ಕಷ್ಟವಲ್ಲ. ಫ್ಲಾಪಿಯಲ್ಲಿ ಬರುವ ಕಂಪ್ಯೂಟರ್ ಆಟವನ್ನು ಅಗ್ಗವಾಗಿ ಪ್ರತಿ ಮಾಡಿ ಮಾರಬಹುದು. ಕನ್ಸೋಲ್ ಆಟ ಹಾಗಲ್ಲ. ಕಾರ್ಟ್ರಿಜ್ ತಯಾರಿಸೋದು ದುಬಾರಿ, ಮುಂಗಡವಾಗಿ ಸಾವಿರಗಟ್ಟಲೆ ಮಾಡಿಸಬೇಕು, ಯಂತ್ರ ಮಾಡಿದ ಕಂಪನಿಗೆ ಲೈಸೆನ್ಸ್ ಹಣ ಕಟ್ಟಬೇಕು. ಡಬ್ಬವನ್ನು ಕಡಿಮೆ ಲಾಭಕ್ಕೆ ಮಾರಿ, ಪ್ರತಿ ಆಟದ ಮೇಲೆ ಪಾಲು ಕೀಳೋದು ಕನ್ಸೋಲ್ ವ್ಯಾಪಾರದ ಮೂಲ ಸೂತ್ರ. ಇಷ್ಟು ದುಡ್ಡು ಹೂಡಿದವನು ಗೆದ್ದ ಕುದುರೆ ಮೇಲೇ ಬಾಜಿ ಕಟ್ಟುತ್ತಾನೆ. ಆಗ ಗೆದ್ದ ಕುದುರೆ ಅಂದರೆ ಹೊಡಿ ಬಡಿ.

ಇದೇ ಎಲೆಕ್ಟ್ರಾನಿಕ್ ಆರ್ಟ್ಸ್ ಹತ್ತು ವರ್ಷದ ಹಿಂದೆ ಗೇಮ್ ಡಿಸೈನರ್‌ಗಳನ್ನು ಕಲಾವಿದರು ಅಂತ ಕರೆದು, ಸಂಗೀತದ ರೆಕಾರ್ಡಿನ ಹಾಗೆ ಆಟಗಳ ಕವರ್ ಮಾಡಿ, ಅವರ ಫೋಟೋ ಹಾಕಿ ಮೆರೆಸಿತ್ತು. ಯಂತ್ರ ಬದಲಾಯಿತು, ಹೂಡಿಕೆ ಬದಲಾಯಿತು, ಕಲಾವಿದರ ಮಾತಿನ ಬೆಲೆಯೂ ಬದಲಾಯಿತು.

ವೃತ್ತಿ, ಕುಟುಂಬ, ಹೆಸರು ಎಲ್ಲ ಅಲುಗಾಡುತ್ತಿದ್ದ ಹೊತ್ತಲ್ಲಿ ಹೂಂ ಅಂದುಬಿಡೋದು ಸುಲಭವಿತ್ತು. ಎರಡು ಬಾಂಬು ಸೇರಿಸಿದರೆ ಏನು ಮಹಾ? ಆದರೆ ಮ್ಯೂಲ್‌ನಲ್ಲಿ ಪಕ್ಕದವನನ್ನು ಕೊಂದು ಗೆಲ್ಲೋಕೆ ಆಗಲ್ಲ. ಪಕ್ಕದವನು ಬದುಕಿದ್ದರೆ ಮಾತ್ರ ನಿನಗೆ ವ್ಯಾಪಾರ. ಬಾಂಬು ಬಂದರೆ ಅದು ಬೇರೆ ಆಟ. ಜನರ ಮನೆಗೆ ತಲುಪೋದಕ್ಕಾಗಿ ಆಟದ ಜೀವವನ್ನೇ ತೆಗೆಯೋದು ಬೇಡ ಅಂತ ಅವರು ನಿರ್ಧರಿಸಿದರು. ಅವರ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣೋದು ಈ ನಿರಾಕರಣೆ.

ಕೊನೆಯ ವರ್ಷಗಳು

ಡಬ್ಬದಲ್ಲಿ ಅಂಗಡಿಗೆ ಬರುವ ದೊಡ್ಡ ಹೊಸ ಆಟ ಆಮೇಲೆ ಅವರಿಂದ ಬರಲಿಲ್ಲ. ಗೇಮ್ ಡೆವಲಪರ್‌ಗಳ ಸಮ್ಮೇಳನಗಳಲ್ಲಿ ಮಾತಾಡುತ್ತಿದ್ದರು, ಕಿರಿಯರಿಗೆ ಹೇಳಿಕೊಡುತ್ತಿದ್ದರು. ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆ ಬಗ್ಗೆ ಅವರು ಬಹಿರಂಗವಾಗಿ ಬರೆದದ್ದರಲ್ಲಿ ಪಶ್ಚಾತ್ತಾಪವೂ ಇತ್ತು, ಬೇರೆಯವರಿಗೆ ಎಚ್ಚರಿಕೆಯೂ ಇತ್ತು. ಇದನ್ನು ಮುಚ್ಚಿಡಬೇಕಿಲ್ಲ. ಅದನ್ನೇ ಎತ್ತಿಕೊಂಡು ಟ್ರಾನ್ಸ್ ಸಮುದಾಯದ ಮೇಲೆ ಬೀಸುವವರೂ ಇದ್ದಾರೆ, ಅದೂ ಗೊತ್ತಿರಲಿ. ಒಬ್ಬ ಮನುಷ್ಯೆಯ ಕಷ್ಟದ ಬದುಕಿನ ಮಾತು ಇನ್ನೊಬ್ಬರ ಹಕ್ಕು ಕಿತ್ತುಕೊಳ್ಳುವ ಆಯುಧವಲ್ಲ. ಸಾಯುವ ತನಕ ಅವರು ಡ್ಯಾನಿಯೆಲ್ ಆಗಿಯೇ ಬದುಕಿದರು, ಅದೇ ಹೆಸರಲ್ಲಿ ಕೆಲಸ ಮಾಡಿದರು.

1997ರಲ್ಲಿ ಮೋಡೆಮ್ ವಾರ್ಸ್‌ಗೆ ಹೊಸ ರೂಪ ಕೊಟ್ಟು ವಾರ್‌ಸ್ಪೋರ್ಟ್ ಅಂತ ಇಂಟರ್‌ನೆಟ್‌ಗೆ ತಂದರು. ಕೊನೆಗೂ ಕಾಲ ಅವರ ಹತ್ತಿರ ಬಂದಿತ್ತು. ಆದರೆ ಶ್ವಾಸಕೋಶದ ಕ್ಯಾನ್ಸರ್ ಅದಕ್ಕಿಂತ ಬೇಗ ಬಂತು. 1998ರ ಮೇನಲ್ಲಿ ಗೇಮ್ ಡೆವಲಪರ್‌ಗಳ ಸಂಘ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟಿತು. ಎರಡು ತಿಂಗಳೂ ಕಳೆಯಲಿಲ್ಲ, ಜುಲೈ 3ರಂದು ತೀರಿಕೊಂಡರು, 49ನೇ ವಯಸ್ಸಿಗೆ. ಆಗ ಕೈಯಲ್ಲಿದ್ದ ಕೆಲಸ ಮ್ಯೂಲ್‌ನ ಇಂಟರ್‌ನೆಟ್ ಆವೃತ್ತಿ.

2000ದಲ್ಲಿ ವಿಲ್ ರೈಟ್ ತಮ್ಮ ದಿ ಸಿಮ್ಸ್ ಆಟವನ್ನು ಡ್ಯಾನಿಗೆ ಅರ್ಪಿಸಿದರು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಂಪ್ಯೂಟರ್ ಆಟಗಳಲ್ಲಿ ಅದೊಂದು. ಅದರಲ್ಲೂ ಬಂದೂಕಿಲ್ಲ. ಪ್ರಕಟಿಸಿದ್ದು ಎಲೆಕ್ಟ್ರಾನಿಕ್ ಆರ್ಟ್ಸೇ.

ಈಗ ಹೇಳಿ, ಯಾವುದು ಮೇಲು?

ಡ್ಯಾನಿಯ ಕೊನೆಯ ವರ್ಷಗಳಿಂದ ಈಚೆಗೆ ಎರಡೂ ಯಂತ್ರಗಳು ಏನಾದವು ನೋಡಿ. 1996ರ ನಿಂಟೆಂಡೊ 64 ಮುಂಭಾಗದಲ್ಲಿ ನಾಲ್ಕು ಪೋರ್ಟ್ ಇದ್ದವು, ಸೋಫಾ ಮೇಲಿನ ಆಟಕ್ಕೆ ಅದು ಸುವರ್ಣಕಾಲ. ಆಮೇಲೆ ಕನ್ಸೋಲ್ ತನ್ನ ಆ ಗುಣವನ್ನು ತಾನೇ ಕಳಚಿಕೊಳ್ತಾ ಬಂತು. ಒಂದೇ ಪರದೆ ಹಂಚಿಕೊಂಡು ಆಡುವುದಕ್ಕೆ ಹೆಸರಾಗಿದ್ದ ಹೇಲೋ ಸರಣಿ 2015ರ ಹೇಲೋ 5ರಲ್ಲಿ ಅದನ್ನು ಕೈಬಿಟ್ಟಿತು. ಪಕ್ಕದ ಗೆಳೆಯನಿಗೆ ಎರಡನೇ ಕಂಟ್ರೋಲರ್ ಕೊಟ್ಟರೆ ಕಂಪನಿಗೇನು ಲಾಭ? ಅವನೂ ಒಂದು ಡಬ್ಬ, ಒಂದು ಪ್ರತಿ, ಒಂದು ಸಬ್‌ಸ್ಕ್ರಿಪ್ಷನ್ ಕೊಳ್ಳಲಿ. ದುಡ್ಡು ಕೊಟ್ಟು ಕೊಂಡ ಆಟವನ್ನು ಗೆಳೆಯರ ಜೊತೆ ಆನ್‌ಲೈನ್ ಆಡೋಕೆ ಪ್ಲೇಸ್ಟೇಷನ್‌ನಲ್ಲಿ ಮತ್ತೆ ಚಂದಾ ಕಟ್ಟಬೇಕು.

ಪಿಸಿ ಮಾತ್ರ ಸಾಚಾ ಅಂತ ಹೇಳೋಕೆ ನಾನು ಪಿಸಿ ಪಕ್ಷದವನಾದರೂ ನಾಲಿಗೆ ಹೊರಳಲ್ಲ. ಬಾಗಿಲು ತೆರೆದಿದೆ ನಿಜ. ಸಣ್ಣ ತಂಡಗಳು ಇವತ್ತಿಗೂ ಮೊದಲು ಬರೋದು ಇಲ್ಲಿಗೇ. ಆದರೆ ಬಾಗಿಲ ಹೊರಗೆ ಸ್ಟೀಮ್ ಕೂತು ಸಾಮಾನ್ಯವಾಗಿ 30 ಶೇಕಡಾ ಎತ್ತಿಕೊಳ್ಳುತ್ತೆ. ಒಂದು ಗ್ರಾಫಿಕ್ಸ್ ಕಾರ್ಡಿನ ಬೆಲೆಗೆ ನಮ್ಮಲ್ಲಿ ಎಷ್ಟೋ ಮನೆ ತಿಂಗಳುಗಟ್ಟಲೆ ನಡೆಯುತ್ತೆ. ಒಳಗೆ ಬರೋಕೆ ಅಪ್ಪಣೆ ಬೇಡ, ದುಡ್ಡು ಬೇಕು.

ನಮ್ಮ ಊರುಗಳಲ್ಲಿ ಈ ಎರಡರ ನಡುವೆ ಮೂರನೇ ದಾರಿಯೊಂದಿತ್ತು. 2000ದ ದಶಕದ ಸೈಬರ್ ಕೆಫೆ. ಗಂಟೆಗಿಷ್ಟು ಅಂತ ಕೊಟ್ಟು, ಸಾಲಾಗಿ ಕೂತು, ತಂತಿ ಜೋಡಿಸಿದ ಕಂಪ್ಯೂಟರ್‌ಗಳಲ್ಲಿ ಕೌಂಟರ್ ಸ್ಟ್ರೈಕ್ ಆಡಿದವರಲ್ಲಿ ನಾನೂ ಒಬ್ಬ. ಯಂತ್ರ ಯಾರದ್ದೋ, ಆಟವೂ ಬಹುಪಾಲು ಕಳ್ಳ ಪ್ರತಿಯೇ. ಆದರೆ ಪಕ್ಕದಲ್ಲಿ ಜನ ಇದ್ದರು. ಸ್ವಂತಕ್ಕೆ ಪಿಸಿಯೂ ಇಲ್ಲದ, ಕನ್ಸೋಲೂ ಇಲ್ಲದ ಹುಡುಗರಿಗೆ ಒಂದು ಕುರ್ಚಿ ಸಿಗುತ್ತಿತ್ತು. ಹುಡುಗಿಯರಿಗೆ ಅಲ್ಲೂ ಜಾಗ ಇರಲಿಲ್ಲ ಅನ್ನೋದನ್ನ ಸೇರಿಸಿಯೇ ಹೇಳಬೇಕು.

ಹಾಗಾಗಿ ಮುಂದಿನ ಸಲ ಯಾರಾದರೂ ಪಿಸಿನಾ ಕನ್ಸೋಲಾ ಅಂತ ಕೇಳಿದರೆ ಟೆರಾಫ್ಲಾಪ್ ಲೆಕ್ಕ ಆಮೇಲೆ ಮಾಡಿ. ಒಂದು ಪ್ರತಿ ಕೊಂಡರೆ ಎಷ್ಟು ಜನ ಆಡಬಹುದು, ಕಂಪನಿ ಸರ್ವರ್ ಮುಚ್ಚಿದ ಮೇಲೂ ಆಡಬಹುದಾ, ಯಾರ ಅಪ್ಪಣೆ ಇಲ್ಲದೆ ಇದಕ್ಕೊಂದು ಕನ್ನಡದ ಆಟ ಮಾಡಿ ಹಾಕಬಹುದಾ ಅಂತ ಕೇಳಿ. ಈ ಪ್ರಶ್ನೆಗಳಿಗೆ ಯಾವ ಡಬ್ಬ ಒಳ್ಳೆಯ ಉತ್ತರ ಕೊಡುತ್ತೋ ಅದು ಮೇಲು. ಎರಡೂ ಕೊಡದಿದ್ದರೆ, ಜಗಳ ಆಡಬೇಕಾದ್ದು ಪಿಸಿಯವರೂ ಕನ್ಸೋಲಿನವರೂ ಪರಸ್ಪರ ಅಲ್ಲ, ಇಬ್ಬರೂ ಸೇರಿ ಆ ಕಂಪನಿಗಳ ಜೊತೆ.